ಪೊರೆ ಬಂದ ಕಣ್ಣನ್ನು ಕಿತ್ತೆಸೆಯುವರೆ?

ಕಣ್ಣಿಗೆ ಪೊರೆ ಬಂದರೆ ವೈದ್ಯರು ಪೊರೆಯನ್ನು ತೆಗೆಯುತ್ತಾರೆ. ಕಣ್ಣನ್ನೇ ಕಿತ್ತೆಸೆಯಿರೆಂದು ಹೇಳುವ ವೈದ್ಯ ಎಲ್ಲಿಯೂ ಇಲ್ಲ. ವಾಹನದ ಕಣ್ಣಿನ ವಿಷಯದಲ್ಲಿ ಮಾತ್ರ ಈ ವಿವೇಕ ಮರೆತುಹೋಗಿದೆ. ಮುಸ್ಸಂಜೆಯ ಹೊತ್ತು ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ಹುಬ್ಬಳ್ಳಿ–ಧಾರವಾಡ ರಸ್ತೆಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಹೊಸ ಕಾರುಗಳ ಬೆಳ್ಳನೆಯ ಬೆಳಕಿನ ನಡುವೆ ಹಳೆಯ ಕಾರುಗಳು ಹಳದಿಗಟ್ಟಿ ಮಸುಕಾದ ಹೆಡ್‌ಲೈಟು ಹೊತ್ತು ಸಾಗುತ್ತವೆ. ಅವುಗಳಲ್ಲಿ ಕೆಲವು ಕಲಘಟಗಿ, ಯಲ್ಲಾಪುರ, ಶಿರಸಿಗಳ ಕಡೆ ಹೋಗುವಂಥವು. ನಗರದ ಬೀದಿದೀಪಗಳು ಮುಗಿದ ಮೇಲೆ ಅರೆಬೈಲು ಘಟ್ಟದಲ್ಲಿಯೋ ದೇವಿಮನೆ ಘಟ್ಟದಲ್ಲಿಯೋ, ಆಷಾಢದ ಮಳೆಯಲ್ಲಿ ತಿರುವು ಕಾಣಬೇಕಾದದ್ದು ಈ ಪೊರೆ ಬಂದ ಕಣ್ಣುಗಳಿಂದಲೇ.

ಇಂತಹ ಕಾರಿನ ಒಡೆಯನಿಗೆ ಪೇಟೆ ಎರಡು ದಾರಿ ತೋರಿಸುತ್ತದೆ. ಒಂದು, ಇಡೀ ಹೆಡ್‌ಲೈಟನ್ನು ಕಿತ್ತು ಹೊಸದನ್ನು ಕೂಡಿಸುವುದು. ಇನ್ನೊಂದು, ಟೂತ್‌ಪೇಸ್ಟನ್ನೋ ಪಾಲಿಶನ್ನೋ ಹಚ್ಚಿ ಹತ್ತು ನಿಮಿಷದಲ್ಲಿ ಹೊಳಪು ಬರಿಸುವುದು. ಮೊದಲನೆಯದು ಬಹುಪಾಲು ಅನಗತ್ಯ. ಎರಡನೆಯದು ಬರಿಯ ಕಣ್ಕಟ್ಟು. ಮೂರನೆಯ ದಾರಿಯೊಂದಿದೆ. ಹಾಳಾದ ಮೇಲ್ಪದರವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಅದರ ಮೇಲೆ ಹೊಸ ರಕ್ಷಾಲೇಪವನ್ನು, ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಕ್ಲಿಯರ್ ಕೋಟನ್ನು, ಸಿಂಪಡಿಸುವುದು. ಕೊಳ್ಳುಬಾಕ ಸಂಸ್ಕೃತಿಗೆ ಈ ದಾರಿ ರುಚಿಸದು. ಇಲ್ಲಿ ಹಣ ಹೋಗುವುದು ಹೊಸ ವಸ್ತುವಿಗಲ್ಲ, ಕುಶಲಕರ್ಮಿಯ ಕೈಗೆ. ಪರಿಸರ ಚಳವಳಿಗಾದರೂ ಇದು ರುಚಿಸಬೇಕಿತ್ತು. ಆದರೆ ಕಾಡು, ನದಿ, ಅಣೆಕಟ್ಟೆಗಳ ಬಗ್ಗೆ ಗಟ್ಟಿಯಾಗಿ ಮಾತನಾಡುವ ಚಳವಳಿಯು ದುರಸ್ತಿಯ ಬಗ್ಗೆ ಮಾತನಾಡುವುದು ಅಪರೂಪ.

ಜನ ಇಂದಿಗೂ ‘ಹೆಡ್‌ಲೈಟ್ ಗ್ಲಾಸು’ ಎನ್ನುತ್ತಾರೆ. ಅಂಬಾಸಿಡರ್, ಪದ್ಮಿನಿ, ಹಳೆಯ ಜೀಪುಗಳ ಕಾಲಕ್ಕೆ ಅದು ನಿಜವೂ ಆಗಿತ್ತು. ಆ ದುಂಡು ದೀಪದ ಮುಂಭಾಗ ಗಾಜಿನದು. ಗಾಜು ಒಡೆಯುತ್ತಿತ್ತು, ಹಳದಿಗಟ್ಟುತ್ತಿರಲಿಲ್ಲ. ಒಡೆದರೆ ಅದೇ ಅಳತೆಯದು ಸುಲಭವಾಗಿ ಸಿಗುತ್ತಿತ್ತು. 1983ರಲ್ಲಿ ಅಮೆರಿಕ ತನ್ನ ನಿಯಮವನ್ನು ಬದಲಿಸಿ, ಒಂದೊಂದು ಮಾದರಿಗೆ ಒಂದೊಂದು ಆಕಾರದ ಹೆಡ್‌ಲೈಟಿಗೆ ಅವಕಾಶ ಕೊಟ್ಟಿತು. ಮುಂದೆ ಜಗತ್ತಿನ ಕಾರುಗಳಲ್ಲೆಲ್ಲ ಗಾಜಿನ ಜಾಗಕ್ಕೆ ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ ಬಂದಿತು. ಅದು ಹಗುರ, ಕಲ್ಲು ಸಿಡಿದರೂ ಚೂರಾಗದು, ಬೇಕಾದ ಆಕಾರಕ್ಕೆ ಬಾಗುವುದು. ಈ ಗುಣಗಳನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದಕ್ಕೊಂದು ದೊಡ್ಡ ದೌರ್ಬಲ್ಯವಿದೆ: ಬಿಸಿಲಿನ ಅತಿನೇರಳೆ ಕಿರಣಗಳನ್ನು ಅದು ತಾಳಲಾರದು. ಅದಕ್ಕೆಂದೇ ಕಾರ್ಖಾನೆಯಲ್ಲಿ ಅದರ ಮೇಲೆ ತೆಳುವಾದ, ಗಟ್ಟಿಯಾದ ಲೇಪವೊಂದನ್ನು ಕೂಡಿಸಿರುತ್ತಾರೆ. ವರ್ಷಗಳ ಬಿಸಿಲು, ಧೂಳು, ಮಳೆಗೆ ಈ ಲೇಪ ಸವೆಯುತ್ತದೆ, ಬಿರಿಯುತ್ತದೆ. ಆಮೇಲೆ ಕೆಳಗಿನ ಪ್ಲಾಸ್ಟಿಕ್ ಹಳದಿಗಟ್ಟತೊಡಗುತ್ತದೆ. ಕೆಡುವುದು ಮೇಲಿನ ತೆಳುಪದರವಷ್ಟೇ. ಒಳಗಿನ ಬಲ್ಬು, ಪ್ರತಿಫಲಕ, ತಂತಿಗಳು ಬಹುಪಾಲು ಚೆನ್ನಾಗಿಯೇ ಇರುತ್ತವೆ.

ಇದರ ಪರಿಣಾಮ ಸಣ್ಣದಲ್ಲ. ಅಮೆರಿಕದ ವಾಹನ ಚಾಲಕರ ಸಂಘಟನೆಯಾದ ಎಎಎ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಹೀಗೆ ಕೆಟ್ಟ ಹೆಡ್‌ಲೈಟು ಡಿಮ್ ಬೆಳಕಿನಲ್ಲಿ ಹೊಸದು ಕೊಡುವ ಬೆಳಕಿನ ಶೇ. 22ರಷ್ಟನ್ನು ಮಾತ್ರ ಕೊಟ್ಟಿತು. ಉಜ್ಜಿ ಸರಿಪಡಿಸಿದ ಬಳಿಕ ಅದು ಶೇ. 70ರ ಸುಮಾರಿಗೆ ಏರಿತು. ಹೊಸ ದೀಪದಷ್ಟು ಆಗಲಿಲ್ಲ, ನಿಜ. ಆದರೆ ಮೂರು ಪಟ್ಟು ಹೆಚ್ಚಿದ ಬೆಳಕು ಘಟ್ಟದ ತಿರುವಿನಲ್ಲಿ ದನವನ್ನೋ ಮುರಿದುಬಿದ್ದ ಮರವನ್ನೋ ಸಕಾಲದಲ್ಲಿ ಕಾಣಿಸಬಲ್ಲದು. ಇದನ್ನು ಅರಿಯದೆ ಕೆಲವರು ಬೆಳಕು ಸಾಲದೆಂದು 60/55 ವ್ಯಾಟಿನ ಬಲ್ಬನ್ನು ತೆಗೆದು 100 ವ್ಯಾಟಿನದನ್ನು ಹಾಕಿಸುತ್ತಾರೆ. ಪೊರೆ ಇದ್ದಲ್ಲಿಯೇ ಇರುತ್ತದೆ; ಹೆಚ್ಚಿದ ಬೆಳಕು ಚದುರಿ ಎದುರಿನವರ ಕಣ್ಣಿಗೆ ರಾಚುತ್ತದೆ, ಹೆಚ್ಚಿದ ಶಾಖ ಒಳಗಿನ ಪ್ರತಿಫಲಕವನ್ನು ಸುಡುತ್ತದೆ.

ಸರಿಯಾದ ದುರಸ್ತಿ ಹೇಗಿರುತ್ತದೆಂಬುದು ಪ್ರತಿಯೊಬ್ಬ ಗ್ರಾಹಕನಿಗೂ ಗೊತ್ತಿರಬೇಕು. ಮೊದಲು ಸೋಪುನೀರಿನಲ್ಲಿ ತೊಳೆದು, ಸುತ್ತಲಿನ ಬಣ್ಣಕ್ಕೆ ಪೆಟ್ಟಾಗದಂತೆ ಟೇಪು ಅಂಟಿಸಬೇಕು. ಹಳೆಯ ಲೇಪ ಪೂರ್ತಿ ಹೋಗುವವರೆಗೆ ಒರಟು ವಾಟರ್ ಪೇಪರಿನಿಂದ, ಆಮೇಲೆ 800, 1000, 1500, 2000 ಎಂದು ನುಣುಪಾಗುತ್ತ ಹೋಗುವ ಕಾಗದಗಳಿಂದ ನೀರು ಹಾಕುತ್ತ ಉಜ್ಜಬೇಕು. ಪ್ರತಿ ಕಾಗದವೂ ಹಿಂದಿನದರ ಗೀರನ್ನು ಅಳಿಸಬೇಕು. ಅವಸರ ಮಾಡಿದರೆ ಗೀರು ಉಳಿಯುತ್ತದೆ. ಬಳಿಕ ಒರೆಸಿ, ಪೂರ್ತಿ ಒಣಗಿಸಿ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟನ್ನು ತೆಳುವಾಗಿ ಎರಡು ಮೂರು ಸಲ ಸಿಂಪಡಿಸಬೇಕು. ಮಳೆ, ಮಂಜು, ಧೂಳಿನ ದಿನ ಈ ಕೆಲಸ ಕೂಡದು. ದೀಪದ ಒಳಗೆ ನೀರು ಸೇರಿದ್ದರೆ, ಪ್ರತಿಫಲಕ ಸುಟ್ಟಿದ್ದರೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಉಜ್ಜಿ ಫಲವಿಲ್ಲವೆಂದು ಪ್ರಾಮಾಣಿಕ ಕೆಲಸಗಾರ ಮೊದಲೇ ಹೇಳುತ್ತಾನೆ.

ಟೂತ್‌ಪೇಸ್ಟಿನ ಕಣ್ಕಟ್ಟು ಇಲ್ಲಿಯೇ ಬಯಲಾಗುತ್ತದೆ. ಪೇಸ್ಟಿನಲ್ಲಿರುವ ನುಣುಪು ಪುಡಿ ಮೇಲಿನ ಹಳದಿಯನ್ನು ತುಸು ಕೆರೆಯುತ್ತದೆ, ದೀಪ ಹೊಳೆಯುತ್ತದೆ, ಹಣ ಕೈ ಬದಲಾಗುತ್ತದೆ. ಆದರೆ ಅಳಿದುಳಿದ ರಕ್ಷಾಲೇಪವೂ ಆ ಉಜ್ಜುವಿಕೆಯಲ್ಲಿ ಹೋಗಿರುತ್ತದೆ. ಬೆತ್ತಲೆಯಾದ ಪ್ಲಾಸ್ಟಿಕ್ ಬಿಸಿಲಿಗೆ ಒಡ್ಡಿಕೊಂಡು ಕೆಲವೇ ತಿಂಗಳಲ್ಲಿ ಮತ್ತೆ ಹಳದಿಗಟ್ಟುತ್ತದೆ. ಪೆಟ್ರೋಲು, ಥಿನ್ನರುಗಳಿಂದ ಒರೆಸುವುದು ಇನ್ನೂ ಕೆಟ್ಟದ್ದು. ಅವು ಪಾಲಿಕಾರ್ಬನೇಟಿನ ಒಳಕ್ಕಿಳಿದು ಕೂದಲೆಳೆಯ ಬಿರುಕುಗಳನ್ನು ಎಬ್ಬಿಸುತ್ತವೆ. ಲೇಪವಿಲ್ಲದ ದುರಸ್ತಿ ಕೊನೆಗೆ ಗ್ರಾಹಕನನ್ನು ಹೊಸ ದೀಪದ ಅಂಗಡಿಗೇ ತಲುಪಿಸುತ್ತದೆ.

ಆ ಹೊಸ ದೀಪವಾದರೂ ಎಂಥದು? ಮುಂಭಾಗ ಒಂದು ಬಗೆಯ ಪ್ಲಾಸ್ಟಿಕ್, ಹಿಂಭಾಗ ಇನ್ನೊಂದು ಬಗೆಯದು, ಒಳಗೆ ಲೋಹದ ಲೇಪ ಹೊತ್ತ ಪ್ರತಿಫಲಕ. ಇವೆಲ್ಲವನ್ನೂ ಬಿಚ್ಚಲಾಗದಂತೆ ಅಂಟಿನಿಂದ ಬೆಸೆಯುತ್ತಾರೆ. ಹೊರಗಿನ ಮುಚ್ಚಳವೊಂದನ್ನೇ ಕೊಳ್ಳಹೋದರೆ ಸಾಮಾನ್ಯವಾಗಿ ಕಂಪನಿಯಲ್ಲಿ ಸಿಗದು. ಇಡೀ ಜೋಡಣೆಯನ್ನೇ ಸಾವಿರಾರು ರೂಪಾಯಿ ತೆತ್ತು ತರಬೇಕು. ಎಲ್‌ಇಡಿ ದೀಪಗಳ ಕಾರುಗಳಲ್ಲಿ ಈ ಬೆಲೆ ಇನ್ನೂ ಹಲವು ಪಟ್ಟು. ತೆಗೆದೆಸೆದ ಹಳೆಯದನ್ನು ಬೇರ್ಪಡಿಸುವುದು ಗುಜರಿಯವನಿಗೂ ಲಾಭದ ಕೆಲಸವಲ್ಲ. ಕೂದಲೆಳೆಯಷ್ಟು ದಪ್ಪದ ಲೇಪ ಸವೆದುದಕ್ಕೆ ಕಿಲೋಗಟ್ಟಲೆ ಪ್ಲಾಸ್ಟಿಕ್ ಕಸವಾಗುವ ಈ ವ್ಯವಸ್ಥೆ ಆಕಸ್ಮಿಕವೇ? ಬಿಚ್ಚಬಹುದಾದ ದೀಪವನ್ನು ಮಾಡಲು ಬಾರದ ತಂತ್ರಜ್ಞರು ಆ ಕಾರ್ಖಾನೆಗಳಲ್ಲಿದ್ದಾರೆಯೇ?

ಚಳವಳಿಯೊಳಗಿನಿಂದಲೇ ಎರಡು ಆಕ್ಷೇಪಗಳು ಬರುತ್ತವೆ. ಕಾರೇ ಪರಿಸರಕ್ಕೆ ಶತ್ರುವಾಗಿರುವಾಗ ಅದರ ದೀಪದ ಚಿಂತೆ ಏಕೆ ಎಂಬುದು ಮೊದಲನೆಯದು. ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ಮಲೆನಾಡಿನ ಒಂಟಿಮನೆಯಿಂದ ಹೆರಿಗೆಯ ನೋವಿನವರನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ಯುವುದು ನೆರೆಮನೆಯ ಹಳೆಯ ಕಾರೇ. ಆ ಕಾರು ರಸ್ತೆ ಕಾಣದೆ ಹಳ್ಳಕ್ಕಿಳಿಯುವುದು ಯಾವ ಪರಿಸರವಾದ? ಹಳೆಯ ವಾಹನಗಳು ಹೊಗೆ ಕಾರುತ್ತವೆ, ಅವು ತೊಲಗಲಿ ಎಂಬುದು ಎರಡನೆಯದು. ಹೊಗೆಯ ಪರೀಕ್ಷೆಯಲ್ಲಿ ಸೋತ ವಾಹನ ತೊಲಗಲಿ. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಎಂಜಿನ್ ಗಟ್ಟಿಯಾಗಿರುವ ಕಾರನ್ನು ಪ್ಲಾಸ್ಟಿಕ್ ಮುಚ್ಚಳದ ಮಸುಕಿಗಾಗಿ ಮೂಲೆಗೆ ತಳ್ಳಿದರೆ, ಅದರ ಜಾಗಕ್ಕೆ ಬರುವ ಹೊಸ ಕಾರಿಗಾಗಿ ಕಬ್ಬಿಣದ ಅದಿರನ್ನು ಅಗೆಯಬೇಕಾಗುವುದು ಯಾರದೋ ಬೆಟ್ಟದಲ್ಲಿಯೇ. ಗುಜರಿ ನೀತಿ 2021ರಲ್ಲಿ ಬಂದಿತು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಹಳೆಯದನ್ನು ಬಿಡಿಸಲು ಇಷ್ಟು ಶ್ರದ್ಧೆ ತೋರುವ ಸರಕಾರ, ಉಳಿಸಿಕೊಳ್ಳಲು ಬಯಸುವವರಿಗೆ ಏನು ಕೊಟ್ಟಿದೆ? 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣ ತೆರೆಯಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಜಾಲತಾಣ ಮಾಹಿತಿ ಕೊಡಬಲ್ಲದು. ಅಂಟಿಸಿದ ದೀಪವನ್ನು ಬಿಚ್ಚಿಕೊಡಲಾರದು.

ಹಾಗೆಂದು ದುರಸ್ತಿಯೆಲ್ಲ ಪವಿತ್ರವೆಂದು ಸಾರಿದರೆ ಅದು ಅರ್ಧಸತ್ಯ. ಉಜ್ಜುವಾಗ ಹರಿಯುವ ಹಾಲಿನಂತಹ ನೀರಿನಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳಿವೆ. ಆ ನೀರು ಗಟಾರಕ್ಕಿಳಿದರೆ ಮುಂದೆಲ್ಲಿಗೆ? ಉಣಕಲ್ ಕೆರೆ ಈಗಾಗಲೇ ಚರಂಡಿ ನೀರು, ಅಂತರಗಂಗೆಗಳಿಂದ ನಲುಗಿದೆ. ಕೆರೆಯಿಂದ ಹೊರಡುವ ಉಣಕಲ್ ನಾಲೆ ಹುಬ್ಬಳ್ಳಿಯ ನಡುವೆ ಹರಿಯುತ್ತದೆ. ಅವಳಿ ನಗರ ನಿಂತಿರುವುದೇ ನೀರು ಎರಡಾಗಿ ಒಡೆಯುವ ದಿಬ್ಬದ ಮೇಲೆ. ಇಲ್ಲಿನ ನೀರಿನ ಒಂದು ಪಾಲು ಬೆಣ್ಣಿಹಳ್ಳ, ಮಲಪ್ರಭೆಗಳ ಮೂಲಕ ಕೃಷ್ಣೆಗೆ ಸೇರುತ್ತದೆ. ಇನ್ನೊಂದು ಪಾಲು ಶಾಲ್ಮಲಾ, ಬೇಡ್ತಿಗಳ ಮೂಲಕ ಮಾಗೋಡಿನಲ್ಲಿ ಧುಮುಕಿ ಗಂಗಾವಳಿಯಾಗಿ ಕಡಲು ಸೇರುತ್ತದೆ. ಬೇಡ್ತಿ ಕಣಿವೆಯನ್ನು ಮುಳುಗಡೆಯಿಂದ ಉಳಿಸಲು ಹೋರಾಡಿದ ಮಲೆನಾಡಿನ ಜನ, ತಮ್ಮ ಕಾರಿನ ದೀಪ ಉಜ್ಜಿದ ನೀರು ಅದೇ ಬೇಡ್ತಿಗೆ ಸೇರದಂತೆ ನೋಡಿಕೊಳ್ಳಬೇಡವೇ? ಉಪಾಯ ಸರಳವಾಗಿದೆ. ಪಾಲಿಕಾರ್ಬನೇಟ್ ನೀರಿಗಿಂತ ಭಾರ. ನೀರನ್ನು ಬಕೀಟಿನಲ್ಲಿ ಹಿಡಿದು ಒಂದು ರಾತ್ರಿ ಅಲುಗಿಸದೆ ಬಿಟ್ಟರೆ ಬಹುಪಾಲು ತಳಕ್ಕಿಳಿಯುತ್ತದೆ. ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಗಸಿಯನ್ನು ಒಣಗಿಸಿ ಒಣಕಸಕ್ಕೆ ಕೊಡಬಹುದು.

ಇನ್ನೊಂದು ಅಪಾಯ ಕೆಲಸಗಾರನ ಎದೆಗೆ. ಹೆಚ್ಚು ಬಾಳುವುದು ಎರಡು ಡಬ್ಬಿಗಳನ್ನು ಬೆರೆಸಿ ಸಿಂಪಡಿಸುವ ಕ್ಲಿಯರ್ ಕೋಟ್. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದ ಅನಿಲವೂ ಇದೇ ರಾಸಾಯನಿಕ ಕುಲದ್ದು. ಹಾರ್ಡನರಿನಲ್ಲಿರುವುದು ಅದೇ ಅನಿಲವಲ್ಲ, ಅಷ್ಟು ಉಗ್ರವೂ ಅಲ್ಲ. ಆದರೆ ದಿನದಿನವೂ ಅದರ ತುಂತುರನ್ನು ಉಸಿರಾಡುವವನಿಗೆ ಅಸ್ತಮಾ ಅಂಟಿಕೊಳ್ಳುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯಲಾರದು. ಬಣ್ಣ ಹೊಡೆಯುವವರಿಗೆಂದೇ ಇರುವ ಉಸಿರುಕವಚ, ಕೈಗವಸು, ಗಾಳಿಯಾಡುವ ಜಾಗ ಇಲ್ಲದೆ ಈ ಕೆಲಸ ಮಾಡಿಸುವುದು, ಒಬ್ಬನ ದೀಪ ಬೆಳಗಲು ಇನ್ನೊಬ್ಬನ ಉಸಿರು ಅಡವಿಟ್ಟಂತೆ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಕಾರು ಕಂಪನಿಗಳು ಹೆಡ್‌ಲೈಟಿನ ಹೊರಮುಚ್ಚಳವನ್ನು ಬಿಚ್ಚುವಂತೆ ರೂಪಿಸಿ ಬಿಡಿಯಾಗಿ ಮಾರಬೇಕು. ಅದರ ಲೇಪ ಎಷ್ಟು ವರ್ಷ ಬಾಳುವುದೆಂದು ಬರೆದು ಕೊಡಬೇಕು. ಐಟಿಐಗಳಲ್ಲಿ ಈ ದುರಸ್ತಿಯನ್ನು ಸುರಕ್ಷತಾ ಕ್ರಮಗಳ ಸಮೇತ ಕಲಿಸಬೇಕು. ಮಹಾನಗರ ಪಾಲಿಕೆಯು ಗ್ಯಾರೇಜುಗಳ ನೀರು ಗಟಾರ ಸೇರುವ ಮೊದಲು ತಿಳಿಯಾಗುವ ತೊಟ್ಟಿಯನ್ನು ಕಡ್ಡಾಯ ಮಾಡಬೇಕು. ಗ್ರಾಹಕನಾದವನು ‘ಯಾವ ಲೇಪ ಹಾಕುವಿರಿ?’ ಎಂದು ಕೇಳದೆ ದೀಪವನ್ನು ಉಜ್ಜಲು ಕೊಡಬಾರದು. ವಿದ್ಯಾರ್ಥಿಗಳು ಊರಿನ ಒಂದು ಹಳೆಯ ಕಾರನ್ನು ಆರಿಸಿ, ಕತ್ತಲಲ್ಲಿ ನಿಗದಿತ ದೂರದಿಂದ ಮೊಬೈಲಿನ ಬೆಳಕುಮಾಪಕದಲ್ಲಿ ದುರಸ್ತಿಯ ಮುಂಚೆ ಮತ್ತು ನಂತರ ಅಳೆದು ನೋಡಲಿ. ಆ ಅಂಕಿಗಳನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಲಿ. ಮುಂದಿನ ಮಳೆಗಾಲಕ್ಕೆ ಮುನ್ನ, ಬಿಸಿಲಿರುವಾಗಲೇ ಈ ಕೆಲಸ ಆಗಬೇಕು. ಘಟ್ಟದ ಮಂಜು ಯಾರ ಅಸಡ್ಡೆಗೂ ಕಾಯುವುದಿಲ್ಲ.