ಬೇನೆ ಬರುವ ಮೊದಲೇ ಕಾಗದ ಓದಿಡಿ



ಈ ಸಲ ಹೋಳಿಗೆಯ ಹದವಲ್ಲ, ದವಾಖಾನೆಯ ಬಿಲ್ಲಿನ ಲೆಕ್ಕ. "ಕೊರೊನಾ ಬಂದು ಹೋಗಿ ಇಷ್ಟು ವರ್ಷ ಆತು, ಆರೋಗ್ಯ ವಿಮೆಯ ಕಂತು ಯಾಕ ಏರಿತು? ಕಾರ್ಡು ಇದ್ದರೂ ಆಗ ಕೈಯಿಂದ ರೊಕ್ಕ ಯಾಕ ಹೋತು?" ಎಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಗೃಹಿಣಿಯರು ಇಂದಿಗೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಸರಿ. ಆ ಎರಡು ವರ್ಷ ಆಸ್ಪತ್ರೆಗೆ ಬಿದ್ದ ಕೊರತೆ, ವಿಮಾ ಕಂಪನಿಗೆ ಬಿದ್ದ ಕೊರತೆ, ಎರಡೂ ಕೊನೆಗೆ ಬಂದು ನಿಂತದ್ದು ನಮ್ಮ ಟ್ರಂಕಿನ ಮುಂದೆ, ಅದರೊಳಗಿನ ಬೋರಮಾಳದ ಮುಂದೆ.

ಮೊದಲು ಆಸ್ಪತ್ರೆಯ ಮಾತು. ಒಂದು ಖಾನಾವಳಿ ನೆನೆಸಿಕೊಳ್ಳಿ. ಗಿರಾಕಿ ಬಾರದಿದ್ದರೂ ಬಾಡಿಗೆ ತಪ್ಪದು, ರೊಟ್ಟಿ ಬಡಿಯುವವರ ಪಗಾರ ತಪ್ಪದು. 2020ರ ಮಾರ್ಚ್ 25ರಂದು ದೇಶಕ್ಕೇ ಬೀಗ ಬಿದ್ದಾಗ ಆಸ್ಪತ್ರೆಗಳದೂ ಅದೇ ಗತಿ. ಕಣ್ಣಿನ ಪೊರೆ, ಹರ್ನಿಯಾ, ಮೊಣಕಾಲಿನ ಶಸ್ತ್ರಕ್ರಿಯೆಗಳನ್ನು ಮುಂದೂಡಿದರು. ಸಣ್ಣ ನರ್ಸಿಂಗ್ ಹೋಮುಗಳು ನಡೆಯುವುದೇ ಇಂಥ ದಿನನಿತ್ಯದ ಕೆಲಸದ ಗಳಿಕೆಯಿಂದ. ಗಳಿಕೆ ನಿಂತಿತು, ಖರ್ಚು ಏರಿತು: ಮೈತುಂಬ ತೊಡುವ ಪಿ.ಪಿ.ಇ. ಕಿಟ್ಟು, ಮಾಸ್ಕು, ಕೈಗವಸು, ಆಕ್ಸಿಜನ್. 2021ರ ಎಪ್ರಿಲ್-ಮೇ ತಿಂಗಳಲ್ಲಿ ಎರಡನೆಯ ಅಲೆ ಬಂದಾಗ ಹಾಸಿಗೆಯೇ ಸಿಗದಂತಾಯಿತು. ರೋಗ ಬಿಗಡಾಯಿಸಿದರೆ ನಮ್ಮ ತಾಲೂಕುಗಳ ಜನ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಓಡಬೇಕಾಯಿತು. ಅದೇ ಹೊತ್ತಿಗೆ ಎಲ್ಲಮ್ಮನ ಗುಡ್ಡದ ಜಾತ್ರೆ ಇಲ್ಲದೆ ಸವದತ್ತಿಯ ಕುಂಕುಮ-ಭಂಡಾರದ ವ್ಯಾಪಾರ ನಿಂತಿತ್ತು, ರಾಮದುರ್ಗದ ನೇಕಾರರ ಮಗ್ಗ ಮೌನವಾಗಿತ್ತು. ಗಳಿಕೆ ಇಲ್ಲದ ಹೊತ್ತಿನಲ್ಲೇ ಬಿಲ್ಲು ಬಂತು.

ಖಾಸಗಿ ಆಸ್ಪತ್ರೆಗಳು ಮನಸ್ಸಿಗೆ ಬಂದಂತೆ ದರ ಹಾಕಬಾರದೆಂದು ರಾಜ್ಯ ಸರಕಾರ 2020ರ ಜೂನ್‌ನಲ್ಲಿ ಮಿತಿ ಗೊತ್ತುಮಾಡಿತು. ಸರಕಾರವೇ ಕಳಿಸಿದ ರೋಗಿಯಾದರೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಬೇಕಾದರೆ 10,000. ಆ ಹಣವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕೊಡುವುದು. ತಾವಾಗಿಯೇ ಹೋಗಿ ಸೇರಿದ ರೋಗಿಗೆ ಅದೇ ವಾರ್ಡು 10,000, ವೆಂಟಿಲೇಟರ್ 25,000, ಅದೂ ಸ್ವಂತ ಖರ್ಚಿನಲ್ಲಿ. ನೋಡಿದಿರಾ? ಮಂಚ ಒಂದೇ, ಬೇನೆ ಒಂದೇ. ಯಾವ ಬಾಗಿಲಿನಿಂದ ಒಳಗೆ ಹೋದಿರಿ ಎಂಬುದರ ಮೇಲೆ ಮನೆಯ ಹಣೆಬರಹವೇ ಬದಲಾಯಿತು. ಗಾಬರಿಯಲ್ಲಿ ಬಾಗಿಲು ನೋಡುವವರಾರು? ಅತ್ತ ಟ್ರಸ್ಟಿನ ಹಣ ತಡವಾಗಿ ಬರುತ್ತದೆಂದು ಖಾಸಗಿ ಆಸ್ಪತ್ರೆಗಳೂ ದೂರಿದವು.

ಇನ್ನು ವಿಮಾ ಕಂಪನಿಗಳು. ನಮ್ಮ ಓಣಿಯ ಭಿಶಿ ನಿಮಗೆ ಗೊತ್ತೇ ಇದೆ. ಎಲ್ಲರೂ ರೊಕ್ಕ ಹಾಕುತ್ತಾರೆ, ತಿಂಗಳಿಗೊಬ್ಬರು ಎತ್ತುತ್ತಾರೆ. ಒಂದೇ ತಿಂಗಳಲ್ಲಿ ಎಲ್ಲರೂ "ನನಗ ಕೊಡ್ರಿ" ಎಂದರೆ? ವಿಮೆಗೂ ಹಾಗೇ ಆಯಿತು. ಆರೋಗ್ಯ ವಿಮೆಯಲ್ಲಿ ಕಂಪನಿಗಳು 2020-21ರಲ್ಲಿ ಗಳಿಸಿದ ಪ್ರತಿ 100 ರೂಪಾಯಿ ಕಂತಿಗೆ ಸುಮಾರು 94 ರೂಪಾಯಿ ಪರಿಹಾರಕ್ಕೇ ಹೋಯಿತು. 2021-22ರಲ್ಲಿ ಸುಮಾರು 109. ಆಫೀಸಿನ ಖರ್ಚು ಬೇರೆ. 2020ರ ಜುಲೈನಲ್ಲಿ "ಕೊರೊನಾ ಕವಚ್", "ಕೊರೊನಾ ರಕ್ಷಕ್" ಎಂಬ ಎರಡು ಪಾಲಿಸಿ ಬಂದವು. ರಕ್ಷಕ್‌ನಲ್ಲಿ 72 ತಾಸು ಆಸ್ಪತ್ರೆಯಲ್ಲಿದ್ದರೆ ಇಡಿಗಂಟು ಕೊಡಬೇಕಾಗಿತ್ತು. ನಷ್ಟ ಕಂಡು ಕೆಲವು ಕಂಪನಿಗಳು ಅದನ್ನು ಮಾರುವುದನ್ನೇ ಬಿಟ್ಟವು. ಮಾಮೂಲಿ ಪಾಲಿಸಿಗಳಲ್ಲಿ ಕಿಟ್ಟು, ಕೈಗವಸಿನ ಖರ್ಚನ್ನು ಬಿಲ್ಲಿನಿಂದ ಕಡಿದದ್ದೂ ಉಂಟು. ಕಡಿದದ್ದನ್ನು ಕಟ್ಟಿದವರು ನಾವೇ. ಆಮೇಲೆ ಕಂತೂ ಏರಿತು.

ನಮ್ಮ ಭಾಗದ ಮತ್ತೊಂದು ಸಂಗತಿ ಯಶಸ್ವಿನಿ. ಸಹಕಾರಿ ಸಂಘದ ಸದಸ್ಯರಿಗಾಗಿ 2003ರಲ್ಲಿ ನಡೆಯಲು ತೊಡಗಿದ ಈ ಯೋಜನೆ 2018ರಲ್ಲಿ ನಿಂತಿತು, 2022-23ರಲ್ಲಿ ಮರಳಿ ಬಂತು. ಸರಿಯಾಗಿ ಮಹಾಮಾರಿಯ ಕಾಲದಲ್ಲಿ ಅದು ಇರಲಿಲ್ಲ! ಹಳೆಯ ಕಾರ್ಡು ದೇವರ ಜಗಲಿಯ ಮೇಲಿದ್ದರೂ ಉಪಯೋಗಕ್ಕೆ ಬರಲಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಹಾಗಾಗಬಾರದಲ್ಲವೇ? ಆದ್ದರಿಂದ ಈಗಲೇ ಇಷ್ಟು ಮಾಡಿಡಿ:

1. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಮಾಡಿಸಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು, ಎ.ಪಿ.ಎಲ್. ಕುಟುಂಬಕ್ಕೆ ಗೊತ್ತುಮಾಡಿದ ದರದ ಶೇ 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ತುರ್ತು ಹೊರತು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಪಡೆಯಬೇಕು. "ಯಾವ ಬಾಗಿಲು" ಎಂಬ ಮಾತು ಇಲ್ಲಿಯೂ ನೆನಪಿರಲಿ.

2. ಮನೆಯಲ್ಲಿ ಯಾರಾದರೂ ಸಹಕಾರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಯ ವಿಚಾರ ಸೊಸೈಟಿಯಲ್ಲಿ ಕೇಳಿ. ಯೋಜನೆ ಮರಳಿ ಬಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ ಇಟ್ಟಿದ್ದರು. ವರ್ಷವರ್ಷವೂ ಗಡುವಿನೊಳಗೆ ನವೀಕರಿಸಬೇಕು, ಮರೆಯಬೇಡಿ.

3. ಖಾಸಗಿ ವಿಮೆ ಇದ್ದರೆ ಕೋಣೆ ಬಾಡಿಗೆಯ ಮಿತಿ ಎಷ್ಟೆಂದು ಓದಿ. ಮಿತಿ ಮೀರಿದ ಕೋಣೆ ಹಿಡಿದರೆ ಬಾಡಿಗೆಯಷ್ಟೇ ಅಲ್ಲ, ಬಿಲ್ಲಿನ ಇತರ ಬಾಬತ್ತುಗಳನ್ನೂ ಅದೇ ಪ್ರಮಾಣದಲ್ಲಿ ಕಡಿಯಬಹುದು.

4. ಸಕ್ಕರೆ ಕಾಯಿಲೆ, ಬಿ.ಪಿ. ಮುಚ್ಚಿಡಬೇಡಿ. ಮೊದಲೇ ಇದ್ದ ರೋಗಕ್ಕೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕಾದೀತು. ಮುಚ್ಚಿಟ್ಟರೆ ಪರಿಹಾರವೇ ತಪ್ಪೀತು.

5. ಕಂಪನಿ ಅನ್ಯಾಯವಾಗಿ ಹಣ ನಿರಾಕರಿಸಿದರೆ ಮೊದಲು ಅದಕ್ಕೇ ಬರೆದು ದೂರು ಕೊಡಿ. 30 ದಿನದಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಒಂದು ಸಮಾಧಾನದ ಸುದ್ದಿಯೂ ಉಂಟು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿ.ಎಸ್.ಟಿ.ಯನ್ನು ತೆಗೆದಿದ್ದಾರೆ. ಕಂತು ಕಟ್ಟುವಾಗ ರಸೀದಿ ನೋಡಿಕೊಳ್ಳಿ.

ಬೇನೆ ಹೇಳಿ ಕೇಳಿ ಬರುವುದಿಲ್ಲ, ನಿಜ. ಆದರೆ ಕಾಗದ ಓದಿ ಜೋಡಿಸಿಡಲು ಒಂದು ಮಧ್ಯಾಹ್ನ ಸಾಕು. ಕಾರ್ಡು, ಪಾಲಿಸಿ, ರೇಷನ್ ಕಾರ್ಡಿನ ಪ್ರತಿ ಎಲ್ಲ ಒಂದೇ ಚೀಲದಲ್ಲಿರಲಿ. ಎಲ್ಲಿದೆ ಎಂಬುದು ಮನೆಯ ಯಜಮಾನರಿಗಷ್ಟೇ ಅಲ್ಲ, ನಿಮಗೂ, ಸೊಸೆಗೂ, ಮಗಳಿಗೂ ಗೊತ್ತಿರಲಿ. ಅಷ್ಟು ಮಾಡಿದರೆ ಆಪತ್ಕಾಲದಲ್ಲಿ ಬೋರಮಾಳಕ್ಕೆ ಕೈ ಹಾಕುವ ಮೊದಲು ಆ ಚೀಲಕ್ಕೆ ಕೈ ಹಾಕಬಹುದು.