ಕಟ್ಟಡಕ್ಕೆ ರಕ್ಷಣೆ, ಅಂಗಡಿಯವರಿಗೆ ನೋಟಿಸು

ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಮಾರುಕಟ್ಟೆಯ ನೂರ್ ಕ್ಯಾಶ್ ಅಂಡ್ ಕ್ಯಾರಿ ದೊಡ್ಡ ಅಂಗಡಿಯೇನಲ್ಲ. ಆದರೆ ಕೆರಿಬಿಯನ್, ಆಫ್ರಿಕನ್, ಏಷ್ಯನ್ ಮನೆಗಳ ಅಡುಗೆಗೆ ಬೇಕಾದ ಮಸಾಲೆ, ತರಕಾರಿ, ದಿನಸಿಯೆಲ್ಲ ಅಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತದೆ. ವಲಸೆ ಬಂದ ಕುಟುಂಬವೊಂದು ಸುಮಾರು ಎರಡು ದಶಕ ದುಡಿದು ಕಟ್ಟಿದ ಈ ವ್ಯಾಪಾರಕ್ಕೆ 2020ರ ಆರಂಭದಲ್ಲಿ ತೆರವಿನ ನೋಟಿಸು ಬಂತು. 2018ರಲ್ಲಿ ಸುಮಾರು 3.7 ಕೋಟಿ ಪೌಂಡ್ ಕೊಟ್ಟು ಮಾರುಕಟ್ಟೆ ಕೊಂಡಿದ್ದ ಹಾಂಡೋ ಎಂಟರ್‌ಪ್ರೈಸಸ್‌ಗೆ ಆ ಜಾಗದಲ್ಲಿ ವಿದ್ಯುತ್ ಉಪಕೇಂದ್ರ ಬೇಕಾಗಿತ್ತು. ಸಾವಿರಾರು ಜನ ಮನವಿಗೆ ಸಹಿ ಹಾಕಿದರು, ಪ್ರತಿಭಟಿಸಿದರು. ತಿಂಗಳುಗಟ್ಟಲೆ ಜಗ್ಗಾಟವಾದ ಮೇಲೆ ಕಂಪನಿ ರಾಜಿಗೆ ಬಂತು, ಅಂಗಡಿ ಉಳಿಯಿತು.

ಗಿರಾಕಿಗಳು ಗಲಾಟೆ ಮಾಡಿದ್ದಕ್ಕೆ ಉಳಿಯಿತು. ಕಾನೂನನ್ನು ನಂಬಿ ಕೂತಿದ್ದರೆ ಉಳಿಯುತ್ತಿರಲಿಲ್ಲ. ಇಡೀ ಪ್ರಕರಣದಲ್ಲಿ ಸಿಟ್ಟು ತರಿಸುವ ಸಂಗತಿ ಇದು.

ಏಕೆಂದರೆ ಬ್ರಿಟನ್ ಸರ್ಕಾರ 2010ರಲ್ಲೇ ಬ್ರಿಕ್ಸ್‌ಟನ್ನಿನ ಮೂರು ಮಾರುಕಟ್ಟೆ ಆರ್ಕೇಡುಗಳಿಗೆ ಎರಡನೇ ದರ್ಜೆಯ ಪಾರಂಪರಿಕ ಕಟ್ಟಡದ ಮಾನ್ಯತೆ ಕೊಟ್ಟಿತ್ತು. ಅದಕ್ಕೆ ಮುಖ್ಯ ಕಾರಣ ವಾಸ್ತುಶಿಲ್ಪದ ಸೊಗಸಾಗಿರಲಿಲ್ಲ; ಯುದ್ಧಾನಂತರ ಬಂದ ಕೆರಿಬಿಯನ್ ವಲಸಿಗರ ಬದುಕಿನಲ್ಲಿ ಆ ಮಾರುಕಟ್ಟೆಗಿದ್ದ ಸ್ಥಾನ. ಕಟ್ಟಡಕ್ಕೆ ಬೆಲೆ ತಂದವರು ಅಲ್ಲಿ ಮಾರಿದವರು, ಕೊಂಡವರು. ರಕ್ಷಣೆ ಸಿಕ್ಕಿದ್ದು ಮಾತ್ರ ಗೋಡೆಗೆ, ಚಾವಣಿಗೆ. ಮಾಲೀಕ ಅನುಮತಿಯಿಲ್ಲದೆ ಚಾವಣಿ ಕೀಳುವಂತಿಲ್ಲ, ಅಂಗಡಿಯವರನ್ನು ಎಬ್ಬಿಸಬಹುದು.

ಬಾಡಿಗೆ ವ್ಯಾಪಾರಿಗಳನ್ನು ಕಾಯಲೆಂದೇ ಇಂಗ್ಲೆಂಡಿನಲ್ಲಿ 1954ರ ಕಾಯ್ದೆಯಿದೆ. ಅವಧಿ ಮುಗಿದ ಮೇಲೂ ಕರಾರು ನವೀಕರಿಸಿಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಆದರೆ 1969ರ ತಿದ್ದುಪಡಿ ಅದರಲ್ಲೊಂದು ಕಿಂಡಿ ತೆರೆಯಿತು: ಮಾಲೀಕ, ಬಾಡಿಗೆದಾರ ಇಬ್ಬರೂ ಒಪ್ಪಿದರೆ ಆ ಹಕ್ಕನ್ನೇ ಕೈಬಿಡಬಹುದು. ಸಣ್ಣ ಮಳಿಗೆ ಕೇಳಿಕೊಂಡು ಬಂದವನ ಮುಂದೆ ಮಾಲೀಕ ಅಂಥ ಕಾಗದ ಇಟ್ಟರೆ ಅವನು ಸಹಿ ಹಾಕದೆ ಇನ್ನೇನು ಮಾಡಿಯಾನು?

ಇದು ಬರೀ ಮಾರುಕಟ್ಟೆಯ ಆಟ, ದುಡ್ಡಿಗೆ ಬಣ್ಣವಿಲ್ಲ ಎನ್ನುವವರಿದ್ದಾರೆ. ಅವರು ಬ್ರಿಕ್ಸ್‌ಟನ್ನಿನ ಚರಿತ್ರೆಯನ್ನೊಮ್ಮೆ ನೋಡಬೇಕು. 1948ರ ಜೂನ್‌ನಲ್ಲಿ ಕೆರಿಬಿಯನ್ ವಲಸಿಗರನ್ನು ಹೊತ್ತು ತಂದ ಎಂಪೈರ್ ವಿಂಡ್‌ರಷ್ ಹಡಗಿನಿಂದ ಇಳಿದವರಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಕ್ಲ್ಯಾಪಮ್‌ನ ನೆಲಮಾಳಿಗೆಯ ಬಾಂಬ್ ಆಶ್ರಯತಾಣದಲ್ಲಿ ಜಾಗ ಕೊಟ್ಟರು. ಕೆಲಸ ಕೇಳಲು ಹೋಗಬೇಕಿದ್ದ ಕಚೇರಿ ಬ್ರಿಕ್ಸ್‌ಟನ್ನಿನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿತ್ತು. ಅನೇಕರು ಸುತ್ತಮುತ್ತಲೇ ನೆಲೆ ನಿಂತರು. ಕಪ್ಪು ವರ್ಣೀಯರಿಗೆ ಮನೆ ಕೊಡುವುದಿಲ್ಲ ಎನ್ನುವುದು 1968ರ ಜನಾಂಗ ಸಂಬಂಧ ಕಾಯ್ದೆ ಬರುವವರೆಗೆ ಅಪರಾಧವಿರಲಿ, ಕಾನೂನುಬಾಹಿರವೂ ಆಗಿರಲಿಲ್ಲ. ಸಾಲ ಹುಟ್ಟದ ಜಮೈಕಾದವರು ನಮ್ಮ ಚೀಟಿ ವ್ಯವಹಾರದಂಥದೇ ‘ಪಾರ್ಡ್ನರ್’ ಹಾಕಿ, ವಾರವಾರ ಕಟ್ಟಿ, ಸರದಿಯಲ್ಲಿ ಗಂಟು ಎತ್ತಿ ಮನೆ ಕೊಂಡರು. ಹಾಗೆ ಕೊಂಡವರಿಗೆ ಇಂದು ಏರಿದ ಬೆಲೆ ಆಸ್ತಿಯಾಗಿದೆ. ಕೊಳ್ಳಲಾಗದೆ ಬಾಡಿಗೆಗೆ ಉಳಿದವರಿಗೆ ಅದೇ ಏರಿಕೆ ಹೊರೆ. ಯಾರು ಯಾವ ಸಾಲಿಗೆ ಬಿದ್ದರು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಚರ್ಮದ ಬಣ್ಣ.

ಹಳೆಯ ಮಾರುಕಟ್ಟೆ ಸೊರಗಿತ್ತು ಎಂಬ ವಾದದಲ್ಲಿ ಹುರುಳಿದೆ. 2009ರ ಹೊತ್ತಿಗೆ ಆ ಮೂರು ಆರ್ಕೇಡುಗಳಲ್ಲೊಂದಾದ ಗ್ರಾನ್‌ವಿಲ್ ಆರ್ಕೇಡಿನಲ್ಲಿ ಅನೇಕ ಮಳಿಗೆಗಳಿಗೆ ಬೀಗ ಬಿದ್ದಿತ್ತು. ಮೊದಲಿಗೆ ಬಾಡಿಗೆಯಿಲ್ಲದೆ ಕರೆತಂದ ಹೊಸಬರು ತಿಂಡಿ ಮಳಿಗೆ ತೆರೆದು ಜನರನ್ನು ಸೆಳೆದರು. ಅವರ ಮೇಲೆ ಕೋಪಿಸಿಕೊಳ್ಳುವುದು ತಪ್ಪು. ಜನ ಸೇರಿದ ಮೇಲೆ ಹೆಚ್ಚಿದ ಬೆಲೆಯನ್ನು ಜೇಬಿಗಿಳಿಸುವವನು ಭೂಮಾಲೀಕ; ಬಾಡಿಗೆ ಏರಿದರೆ ಆ ಹೊಸಬರೂ ಗಂಟುಮೂಟೆ ಕಟ್ಟಬೇಕಾದವರೇ.

ಖಾಸಗಿ ಮಾಲೀಕರನ್ನಷ್ಟೇ ದೂರಿದರೆ ಸಾಲದು. ಪಕ್ಕದ ರೈಲು ಕಮಾನುಗಳಡಿ ದಶಕಗಳಿಂದ ವ್ಯಾಪಾರ ಮಾಡುತ್ತಿದ್ದವರಿಗೆ ನವೀಕರಣದ ಹೆಸರಿನಲ್ಲಿ 2015ರಲ್ಲಿ ಜಾಗ ಬಿಡಲು ಹೇಳಿದ್ದು ಸರ್ಕಾರಿ ಸ್ವಾಮ್ಯದ ನೆಟ್‌ವರ್ಕ್ ರೈಲ್. ಅದೇ ಸಂಸ್ಥೆ ಇಂಥ ಸುಮಾರು 5,200 ಜಾಗಗಳನ್ನು ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್ ಮತ್ತು ಅದರ ಪಾಲುದಾರ ಕಂಪನಿಗೆ 146 ಕೋಟಿ ಪೌಂಡಿಗೆ ಮಾರಿತು. ಬಾಡಿಗೆದಾರರ ಹಿತವನ್ನು ಸರಿಯಾಗಿ ಪರಿಗಣಿಸಲಿಲ್ಲವೆಂದು ಸಂಸತ್ತಿನ ಲೆಕ್ಕಪತ್ರ ಸಮಿತಿ ಆಮೇಲೆ ಟೀಕಿಸಿತು. ಅಷ್ಟರಲ್ಲಿ ಮಾರಾಟ ಮುಗಿದಿತ್ತು.

1954ರ ಕಾಯ್ದೆಯ ಮರುಪರಿಶೀಲನೆಗೆ ಇಂಗ್ಲೆಂಡಿನ ಕಾನೂನು ಆಯೋಗ 2024ರ ನವೆಂಬರ್‌ನಲ್ಲಿ ಅಭಿಪ್ರಾಯ ಕೇಳಿತು. 2025ರ ಜೂನ್‌ನ ಮಧ್ಯಂತರ ಹೇಳಿಕೆಯಲ್ಲಿ, ಹಕ್ಕನ್ನು ಕೈಬಿಡುವ ಅವಕಾಶ ಇರಲಿ ಎಂಬತ್ತ ವಾಲಿತು. ಈ ನಿಲುವನ್ನು ಒಪ್ಪಲಾಗದು. ಸಣ್ಣ ಮಳಿಗೆಗಳ ಮಟ್ಟಿಗಾದರೂ ಆ ಕಿಂಡಿ ಮುಚ್ಚಬೇಕು. ವಲಸಿಗರ ಚರಿತ್ರೆಗೆಂದು ಪಾರಂಪರಿಕ ಮಾನ್ಯತೆ ಪಡೆದ ಮಾರುಕಟ್ಟೆಯಲ್ಲಿ ಹಳೆಯ ವ್ಯಾಪಾರಿಗಳ ಕರಾರಿಗೂ ರಕ್ಷಣೆ ಸಿಗಬೇಕು. ರೈಲು ಕಮಾನುಗಳಂಥ ಸಾರ್ವಜನಿಕ ಆಸ್ತಿಯನ್ನು ಮಾರುವುದಾದರೆ, ಕೊಳ್ಳುವ ಮೊದಲ ಅವಕಾಶ ಅಲ್ಲಿ ಅಂಗಡಿ ಇಟ್ಟುಕೊಂಡವರ ಒಕ್ಕೂಟಕ್ಕೆ ಕೊಡಬೇಕು.