ನರ್ಸ್ ಫೈಲಿನಲ್ಲಿ ಕೆಲಸದ ಲೆಕ್ಕ ಎಲ್ಲಿ?

ಸ್ಟಾಫ್ ನರ್ಸ್ ಹುದ್ದೆಯ ಸಂದರ್ಶನಕ್ಕೆ ಬಂದವರ ಫೈಲುಗಳಲ್ಲಿ ಹೆಸರು ಮುಚ್ಚಿಟ್ಟರೆ ಯಾವುದು ಯಾರದೆಂದು ಹೇಳುವುದು ಕಷ್ಟ. ಅಂಕಪಟ್ಟಿ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಪ್ರಮಾಣಪತ್ರ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ, ಹಿಂದಿನ ಆಸ್ಪತ್ರೆ ಕೊಟ್ಟ ನಾಲ್ಕು ಸಾಲಿನ ಅನುಭವ ಪತ್ರ. ಎಲ್ಲವೂ ಝೆರಾಕ್ಸ್. ಓದಿದ್ದಕ್ಕೆ ಸಾಕ್ಷಿ ಉಂಟು. ವೆಂಟಿಲೇಟರ್ ಮೇಲಿರುವ ರೋಗಿಯನ್ನು ನೈಟ್ ಡ್ಯೂಟಿಯಲ್ಲಿ ಒಬ್ಬರೇ ನಿಭಾಯಿಸಬಲ್ಲರೇ ಎಂಬುದಕ್ಕೆ ಇಲ್ಲ.

ಬ್ರಿಟನ್ನಿನಲ್ಲಿ 2016ರ ಏಪ್ರಿಲ್‌ನಿಂದ ಬೇರೆಯದೇ ಪದ್ಧತಿ. ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ 450 ಗಂಟೆಗಳ ಕೆಲಸ, 35 ಗಂಟೆಗಳ ಕಲಿಕೆ, ರೋಗಿಗಳಿಂದಲೋ ಸಹೋದ್ಯೋಗಿಗಳಿಂದಲೋ ಬಂದ ಐದು ಅಭಿಪ್ರಾಯ, ಸ್ವಂತ ಕೆಲಸದ ಬಗ್ಗೆ ಬರೆದ ಐದು ಟಿಪ್ಪಣಿಗಳನ್ನು ಕೇಳುತ್ತದೆ. ಕರ್ನಾಟಕದಲ್ಲಿ ಓದಿ ಅಲ್ಲಿಗೆ ಹೋದ ನರ್ಸ್‌ಗಳೂ ಇದನ್ನೆಲ್ಲ ಬರೆದಿಡಲೇಬೇಕು. ಇಲ್ಲಿ ಬರೆಯದವರು ಅಲ್ಲಿ ಬರೆಯುತ್ತಾರೆಂದರೆ ಕೊರತೆ ಅವರದಲ್ಲ, ಇಲ್ಲಿ ಕೇಳದವರದು.

ಹಾಗೆ ನೋಡಿದರೆ ಈ ಅಭ್ಯಾಸ ನಮಗೆ ಹೊಸದೇನಲ್ಲ. ಓದುವಾಗ ಪ್ರತಿ ವಿದ್ಯಾರ್ಥಿಯೂ ಲಾಗ್ ಬುಕ್ ತುಂಬಿಸಿ, ಟ್ಯೂಟರ್ ಸಹಿ ಹಾಕಿಸಿಕೊಂಡಿರುತ್ತಾರೆ. ಪದವಿ ಕೈಗೆ ಬಂದ ದಿನ ಅದು ಅಟ್ಟ ಸೇರುತ್ತದೆ.

ನರ್ಸ್ ಸಂದರ್ಶನಕ್ಕೆ ತರಬೇಕಾದ ಪೋರ್ಟ್‌ಫೋಲಿಯೊ ಎಂದರೆ ಆ ಲಾಗ್ ಬುಕ್ಕಿನ ಮುಂದುವರಿಕೆ, ಅಷ್ಟೆ. ಯಾವ ವಾರ್ಡಿನಲ್ಲಿ ಎಷ್ಟು ತಿಂಗಳು, ಒಂದು ಪಾಳಿಯಲ್ಲಿ ಎಷ್ಟು ರೋಗಿಗಳ ಹೊಣೆ, ಯಾವ ಕೆಲಸ ಸ್ವತಂತ್ರವಾಗಿ ಮಾಡಬಲ್ಲೆ, ಯಾವುದಕ್ಕೆ ಇನ್ನೂ ಸೀನಿಯರ್ ಬೇಕು ಎಂಬ ವಿವರ. ಅವಧಿ ಮುಗಿಯದ ಬಿಎಲ್‌ಎಸ್ (ತುರ್ತು ಜೀವರಕ್ಷಣೆ ತರಬೇತಿ) ಕಾರ್ಡ್. ಇವೆಲ್ಲಕ್ಕಿಂತ ತೂಕದ್ದು ಒಂದು ಪುಟದ ಪ್ರಸಂಗ. ಶಸ್ತ್ರಚಿಕಿತ್ಸೆಯಾದ ರೋಗಿಯ ನಾಡಿ ಏರುತ್ತಿದೆ, ಮೂತ್ರ ಕಡಿಮೆಯಾಗಿದೆ: ನರ್ಸ್ ಅದನ್ನು ಗಮನಿಸಿದ್ದು ಯಾವಾಗ, ವೈದ್ಯರಿಗೆ ಹೇಳಿದ್ದೇನು, ಮುಂದೆ ಏನಾಯಿತು? ಫೈಲನ್ನು ಇಡಿಯಾಗಿ ಮೇಜಿನ ಮೇಲಿಟ್ಟು ಸುಮ್ಮನೆ ಕೂರುವುದಕ್ಕಿಂತ, ಪ್ರಶ್ನೆ ಬಂದಾಗ ಈ ಪುಟ ತೆರೆದು ಮಾತಾಡುವುದು ಲೇಸು.

ಒಂದು ಎಚ್ಚರಿಕೆ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ಕೇಸ್ ಶೀಟ್, ಮೊಬೈಲಿನಲ್ಲಿ ತೆಗೆದ ಗಾಯದ ಫೋಟೊ ಇದರಲ್ಲಿ ಇರಕೂಡದು. ಅಂಥ ಫೋಟೊ ತೋರಿಸುವ ಅಭ್ಯರ್ಥಿ ನಾಳೆ ಸಂದರ್ಶನ ಮಾಡುವ ಆಸ್ಪತ್ರೆಯ ರೋಗಿಯದನ್ನೂ ಇನ್ನೊಂದು ಕಡೆ ತೋರಿಸಬಹುದು.

ಆದರೆ ಬರೆದಿಡಿ ಎಂದು ನರ್ಸ್‌ಗಳಿಗಷ್ಟೇ ಉಪದೇಶ ಮಾಡಿದರೆ ಅನ್ಯಾಯ; ಆಸ್ಪತ್ರೆಗಳೂ ಬದಲಾಗಬೇಕು. ಬಾಂಡ್ ಬರೆಸಿಕೊಂಡು ಮೂಲ ಪ್ರಮಾಣಪತ್ರಗಳನ್ನೇ ಒತ್ತೆ ಇಟ್ಟುಕೊಳ್ಳುವ ಖಾಸಗಿ ಆಸ್ಪತ್ರೆಗಳ ವಿರುದ್ಧ 2011–12ರಲ್ಲಿ ಹಲವು ನಗರಗಳಲ್ಲಿ ನರ್ಸ್‌ಗಳು ಬೀದಿಗಿಳಿದಿದ್ದರು. ಅವರ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ ನಿರ್ದೇಶನದಂತೆ 2016ರಲ್ಲಿ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ ₹20 ಸಾವಿರಕ್ಕಿಂತ ಕಡಿಮೆ ಸಂಬಳ ಸಲ್ಲದೆಂದು ಶಿಫಾರಸು ಮಾಡಿತು. ಕಡಿಮೆ ಸಂಬಳಕ್ಕೆ ಯಾರು ಒಪ್ಪುತ್ತಾರೆ ಎಂದಷ್ಟೇ ಹುಡುಕುವ ಆಡಳಿತ ಮಂಡಳಿ ಎಂಥ ಪೋರ್ಟ್‌ಫೋಲಿಯೊ ತಂದರೂ ಪುಟ ತಿರುಗಿಸದು.

ಗುಣಮಟ್ಟಕ್ಕಾಗಿ ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗಳು ತಮ್ಮ ನರ್ಸ್‌ಗಳ ತರಬೇತಿ, ಅರ್ಹತೆಗಳ ದಾಖಲೆಯನ್ನು ಹೇಗೂ ಇಟ್ಟಿರುತ್ತವೆ. ಕೆಲಸ ಬಿಟ್ಟು ಹೊರಡುವವರಿಗೆ ಅದರ ಒಂದು ಪ್ರತಿಯನ್ನು ಅನುಭವ ಪತ್ರದ ಜತೆ ಲಗತ್ತಿಸಿ ಕೊಡುವುದನ್ನು ಆಸ್ಪತ್ರೆಗಳು ಈ ವರ್ಷದಿಂದಲೇ ಶುರು ಮಾಡಲಿ.